ಗುಂಡಿ ಡಬ್ಬಿಯ ಎಂಟು ಮಾತ್ರೆ

ಭಾನುವಾರ, ಹದಿನಾಲ್ಕನೇ ತಾರೀಖು
ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ

ನನ್ನ ಮೆಣಸೇ,

ಅಜ್ಜಿಯ ಆಶೀರ್ವಾದ. ಮೊದಲು ಊಟ ಮಾಡಿ ಬಾ, ಆಮೇಲೆ ಓದು. ಕೋಪ ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ಹೋದ ತಿಂಗಳು ನನಗೆ ಬರೀ ನೆಗಡಿ ಎಂದಿದ್ದೆ. ಸುಳ್ಳು. ನಿನ್ನ ವಾರ್ಡಿಗೆ ಬರುವಂಥದೇ ವೈರಸ್ ಜ್ವರ, ಒಂಬತ್ತು ದಿನ ಏಳಲಾಗಲಿಲ್ಲ. ಎದುರುಮನೆ ದರ್ಜಿಯವಳು ಹೊಲಿಗೆ ಬಿಟ್ಟು ಬಂದು ನೋಡಿಕೊಂಡಳು. ನಿನಗೆ ಹೇಳಿದರೆ ಕತ್ತರಿ ಬಚ್ಚಿಡುತ್ತೇನೆಂದು ಹೆದರಿಸಿದ್ದೆ, ಅವಳನ್ನು ಬೈಯಬೇಡ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ ಪಾತಾಳ ಕಂಡಿದೆಯಂತೆ. "ಮೊಮ್ಮಗಳು ನರ್ಸು ಅಂತೀರಿ, ಮಾತ್ರೆ ಕೊಟ್ಟಿಲ್ವಾ?" ಎಂದರು. ಕೊಟ್ಟಿದ್ದಾಳೆ, ವಾರಕ್ಕೊಂದರಂತೆ ಎಂಟು, ಎಂಟೂ ಅಂಗಿ ಗುಂಡಿ ಇಡುವ ಡಬ್ಬಿಯಲ್ಲಿ ಭದ್ರವಾಗಿವೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಹೌದು ಕಣೇ. ಪ್ರತಿ ಭಾನುವಾರ ನೀನು ಫೋನಿನಲ್ಲಿ ನುಂಗು ಎಂದಾಗ ಗಟಗಟ ಸದ್ದು ಕೇಳಿಸಿದೆನಲ್ಲ, ಅದು ಬರೀ ನೀರು.

ಈಗ ನುಂಗಿದರೆ ಜ್ವರ ಓಡುತ್ತದೆಯೇ ಎಂದು ಕೇಳಿದೆ. ಓಡುವುದಿಲ್ಲವಂತೆ. ವಿಟಮಿನ್ನು ವೈರಸ್ಸನ್ನು ಕೊಲ್ಲುವ ಮದ್ದಲ್ಲ, ಅದರ ಜೊತೆ ಕಾದಾಡುವುದು ಮೈಯೊಳಗಿನ ಬಿಳಿ ರಕ್ತಕಣ. ಅವಕ್ಕೆ ಎ, ಸಿ, ಡಿ ಎಲ್ಲ ಅಳತೆಯಲ್ಲಿ ಬೇಕು. ಕಡಿಮೆಯಾದರೆ ಸೊರಗುತ್ತವೆ, ಮಿತಿಮೀರಿದರೆ ಮೈಗೇ ಕೇಡು. ಹಸಿದ ಕಾವಲುಗಾರ ಕಳ್ಳನನ್ನು ಹಿಡಿಯಲಾರ, ಹೊಟ್ಟೆ ಬಿರಿಯೆ ತಿಂದವನು ಗೊರಕೆ ಹೊಡೆಯುತ್ತಾನೆ. ಈ ಮಾತು ನನ್ನದು. ಡಾಕ್ಟರು ನಕ್ಕರು.

ನನಗೆ ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಇವತ್ತು ಮೊದಲನೆಯದು ನುಂಗಿದೆ, ನಿಜವಾಗಿ. ಖಾಲಿ ಶೀಟಿನ ತುಂಡು ಕತ್ತರಿಸಿ ಇದರೊಳಗಿಟ್ಟಿದ್ದೇನೆ, ನೋಡಿಕೋ. ಸುಳ್ಳು ಹೇಳಿದ್ದು ತಪ್ಪು. ಒಮ್ಮೆ ಬರೆದಿದ್ದೇನೆ, ಇನ್ನೊಮ್ಮೆ ಬರೆಸಬೇಡ.

ಇಂತಿ ನಿನ್ನ
ಹಟಮಾರಿ ಅಜ್ಜಿ

ತಾ.ಕ.: ಏಕೆ ನುಂಗಲಿಲ್ಲ ಎನ್ನುತ್ತೀಯ. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಅಂಕಿ ಬರುತ್ತದೆ. ಆ ಪೊಟ್ಟಣದ ಮೇಲೆ ನಿಮ್ಮ ಆಸ್ಪತ್ರೆಯವರು ವಯಸ್ಸು ೨೬ ಎಂದು ಬರೆದಿದ್ದಾರೆ. ನನಗೆ ೭೨. ನಿನಗೇ ಕಡಿಮೆಯಿದೆಯೆಂದು ಕೊಟ್ಟಿದ್ದನ್ನು ನನ್ನ ಕೈಗಿಟ್ಟು, ಬಿಸಿಲೇ ಕಾಣದೆ ಜ್ವರದವರ ನಡುವೆ ಓಡಾಡುತ್ತೀಯ. ಆಗಲೇ ಹಿಂದಿರುಗಿಸಿದ್ದರೆ ನೀನು ಜಗಳಕ್ಕೆ ನಿಲ್ಲುತ್ತಿದ್ದೆ, ರಜೆಗೆ ಬಂದಾಗ ಎದುರು ಕೂರಿಸಿಕೊಂಡು ನುಂಗಿಸೋಣ ಎಂದು ನಾನು ಎತ್ತಿಟ್ಟಿದ್ದೆ. ನೀನು ಬರಲೇ ಇಲ್ಲ. ಎಂಟೂ ಈ ಲಕೋಟೆಯಲ್ಲಿವೆ. ವಾರಕ್ಕೊಂದು ಖಾಲಿ ತುಂಡು ನನಗೆ ಬರಬೇಕು. ನೀರಿನ ಸದ್ದು ಮಾತ್ರ ಕೇಳಿಸಬೇಡ, ಆ ವಿದ್ಯೆ ನನ್ನದು.