ವಚನದ ನಡುವಿನ ತಲೆಬರಹ

ಮನೆಯಿಂದ,
ಜೂನ್ ೧೨, ಗುರುವಾರ

ನನ್ನ ಪ್ರೀತಿಯ ಮರೀ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಆ ಪರದೆಗೆ ಮೂಗು ತಾಗಿಸಿಕೊಂಡು ಕೂತರೆ ಯಾವ ಮುಲಾಮೂ ಕೆಲಸ ಮಾಡುವುದಿಲ್ಲ, ನಡುನಡುವೆ ಎದ್ದು ಓಡಾಡು. ನನ್ನ ಮಂಡಿ ಅದರ ಪಾಡಿಗೆ ಅದು ಗೊಣಗುತ್ತಿದೆ. ಅಪ್ಪನ ಎಡಗಣ್ಣೂ ಈಗ ಹೋದಂತೆಯೇ, ಕಿಟಕಿ ಎಲ್ಲಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಆದರೂ ಗಡ್ಡ ತಾವೇ ಹೆರೆದುಕೊಳ್ಳುವುದು, ಗಾಯ ಮಾಡಿಕೊಂಡು ನನ್ನ ಮೇಲೆ ರೇಗುವುದು, ಎರಡೂ ನಿಂತಿಲ್ಲ.

ನಿಮ್ಮ ಆಫೀಸಿನವರು ಮಾಡಿದ ಬೈಬಲ್ ಆ್ಯಪನ್ನು ನೀನು ಅವರ ಫೋನಿಗೆ ಹಾಕಿಕೊಟ್ಟ ಮೇಲೆ ಅವರಿಗೆ ಹೋದ ಜೀವ ಬಂದಂತಾಗಿತ್ತು. ಇಯರ್‌ಫೋನ್ ಸಿಕ್ಕಿಸಿಕೊಂಡು, ಅದು ಓದಿದ ಸಾಲನ್ನು ಹಿಂದೆಯೇ ಗಟ್ಟಿಯಾಗಿ ಹೇಳುತ್ತ ಆರಾಧನೆ ನಡೆಸುತ್ತಿದ್ದರು. ಕಣ್ಣು ಹೋದ ಪಾದ್ರಿ ಮನೆಯಲ್ಲಿ ಕೂರಲಿ ಎಂದಿದ್ದ ಸಭೆಯ ಹಿರಿಯರೂ ಬಾಯಿ ಮುಚ್ಚಿಕೊಂಡಿದ್ದರು. ಅನುವಾದ ಮಾತ್ರ ಹೊಸದು, ಅವರಿಗೆ ಬಾಯಿಪಾಠವಿದ್ದ ಹಳೆಯ ಮಾತುಗಳಲ್ಲ. ಕಿವಿಗೆ ಬಿದ್ದದ್ದನ್ನೇ ನಂಬಬೇಕಿತ್ತು.

ಕಳೆದ ವಾರ ಟೈಲರಮ್ಮನ ಮಗ ಹೋಗಿಬಿಟ್ಟ. ಅಂಗಡಿ ನೋಡಿಕೋ ಎಂದು ಅವಳು, ಲಾರಿ ಓಡಿಸುತ್ತೇನೆ ಎಂದು ಅವನು. ಜಗಳವಾಡಿ ಮನೆ ಬಿಟ್ಟವನು ಲಾರಿ ಮಗುಚಿ ಸತ್ತ. ಅವಳಿಗೆ ಮುಖ ನೋಡಲೂ ಸಿಗಲಿಲ್ಲ, ಪೆಟ್ಟಿಗೆ ಮುಚ್ಚಿಯೇ ತಂದಿದ್ದರು. ಅಪ್ಪ ಬೋಧನೆ ಬೇಡ ಎಂದರು. "ಈ ಹೊತ್ತಲ್ಲಿ ನಾನೇನು ಹೇಳಲಿ? ತನ್ನ ಮೇಲೇ ಯುದ್ಧಕ್ಕೆ ಬಂದ ಮಗ ಸತ್ತಾಗಲೂ ಬೈಬಲಿನ ಆ ರಾಜ ಅಳ್ತಾನಲ್ಲ, ಅದನ್ನಷ್ಟೇ ಓದ್ತೀನಿ. ಅವಳ ಜೊತೆ ಇನ್ನೊಬ್ಬರು ಅತ್ತ ಹಾಗಾಗುತ್ತೆ." ನಿನ್ನ ಅಪ್ಪನನ್ನು ನಾನು ಕಟ್ಟಿಕೊಂಡದ್ದು ಇಂಥ ಬುದ್ಧಿ ನೋಡಿಯೇ.

ಸಮಾಧಿಯ ಪಕ್ಕ ನಿಂತು, ಕಿವಿಗೆ ಬಿದ್ದದ್ದನ್ನು ಸಾಲು ಸಾಲಾಗಿ ಹೇಳುತ್ತ ಹೋದರು. ಕಥೆಯಲ್ಲಿ ಓಡಿಬಂದ ಆಳು ರಾಜನಿಗೆ ಮಗನ ಸಾವಿನ ಸುದ್ದಿ ಮುಟ್ಟಿಸಿದ. ಇನ್ನು ರಾಜ ಅಳಬೇಕು. ಅಷ್ಟರಲ್ಲಿ ಅಪ್ಪನ ಬಾಯಿಂದ ಅದೇ ಗಟ್ಟಿ ದನಿಯಲ್ಲಿ ಬಂತು: "ಹೆತ್ತವರಿಗೆ ಎದುರುಬಿದ್ದ ಮಗನಿಗೆ ತಕ್ಕ ಶಿಕ್ಷೆ." ಆಮೇಲೆ ರಾಜನ ಅಳುವೂ ಬಂತು, ಕೇಳಿಸಿಕೊಳ್ಳುವವರು ಯಾರು? ಮಣ್ಣು ಹಾಕಲು ಮುಂದೆ ಬಂದ ಟೈಲರಮ್ಮ ಮುಷ್ಟಿ ಎತ್ತಿದವಳು ಹಾಗೇ ನಿಂತಳು. ಮಣ್ಣೆಲ್ಲ ಬೆರಳ ಸಂದಿಯಿಂದ ಅವಳ ಕಾಲ ಮೇಲೆಯೇ ಸುರಿಯಿತು. ಅವಳ ತಮ್ಮ ಬಂದು ತೋಳು ಹಿಡಿದು ಕರೆದುಕೊಂಡು ಹೋದ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಫೋನು ನೋಡಿದೆ. ಕಣ್ಣಿದ್ದವರಿಗೆ ಆ ಸಾಲು ದಪ್ಪಕ್ಷರದಲ್ಲಿ, ಬೇರೆ ಬಣ್ಣದಲ್ಲಿ, ಮೇಲೂ ಕೆಳಗೂ ಜಾಗ ಬಿಟ್ಟು ಕಾಣುತ್ತದೆ. ತಲೆಬರಹ, ಬೈಬಲಿನ ವಚನವಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಕೇಳುವವರಿಗೆ? ಅದೇ ದನಿ, ಅದೇ ವೇಗ, ನಡುವೆ ಉಸಿರಿನಷ್ಟೂ ಬಿಡುವಿಲ್ಲ. ಅಪ್ಪನಿಗೆ ಹೇಳಿದೆ. ಅವರು ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹಾಗಾದ್ರೆ ಅದು ಯಾರೋ ಬರೆದಿದ್ದಾ?" ಎಂದರು.

ಮರುದಿನ ಅವರ ಕೈಹಿಡಿದು ಅಂಗಡಿಗೆ ಕರೆದುಕೊಂಡು ಹೋದೆ. ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ ಅವಳು ಸುಮ್ಮನೆ ಕೂತಿದ್ದಳು. ಅಪ್ಪ ನಿಂತೇ ಹೇಳಿದರು: "ಅದು ದೇವರ ಮಾತಲ್ಲಮ್ಮ. ಓದೋರಿಗೆ ಅನುಕೂಲ ಆಗ್ಲಿ ಅಂತ ಆಫೀಸಲ್ಲಿ ಸೇರಿಸಿದ ತಲೆಬರಹ." ಅವಳು ಅಳಲಿಲ್ಲ. "ನನ್ನ ಮಗನ ತಲೆಬರಹಾನ ಆಫೀಸಲ್ಲಿ ಕೂತು ಬರೆದ್ರಾ ಪಾದ್ರಿಗಳೇ? ಅಷ್ಟು ಜನರ ಮುಂದೆ ಹೇಳಿದ್ರಿ. ಈಗ ನನ್ನೊಬ್ಬಳ ಹತ್ರ ಬಂದು ಅಲ್ಲ ಅಂತೀರಿ."

ಭಾನುವಾರ ಅಪ್ಪ ಎಲ್ಲರ ಮುಂದೆಯೂ ಹೇಳಿದರು. ಅವಳು ಬಂದಿರಲಿಲ್ಲ. ಬಂದವರು ಹೊರಗೆ ಹೋಗುತ್ತ, ಬರೆದವರು ಬರೆದದ್ದೇನೂ ಸುಳ್ಳಲ್ಲವಲ್ಲ, ತಾಯಿಯ ಮಾತು ಕೇಳಿದ್ದರೆ ಉಳಿಯುತ್ತಿದ್ದ ಎಂದು ಮಾತಾಡಿಕೊಂಡರು. ಅದು ಅಪ್ಪನ ಕಿವಿಗೂ ಬಿತ್ತು. ಅಂದೇ ಚರ್ಚಿನ ಬೀಗದಕೈ ಹಿರಿಯರಿಗೆ ಒಪ್ಪಿಸಿಬಿಟ್ಟರು. ಫೋನು ಮುಟ್ಟುವುದಿಲ್ಲ. ನಾನು ಓದುತ್ತೇನೆಂದರೂ ಕೇಳುವುದಿಲ್ಲ. "ಯಾವುದು ದೇವರದ್ದು, ಯಾವುದು ಇವರದ್ದು ಅಂತ ನನಗಿನ್ನು ಹೇಗೆ ಗೊತ್ತಾಗ್ಬೇಕು?" ಎನ್ನುತ್ತಾರೆ. ಪ್ರಾರ್ಥನೆಯನ್ನೂ ಬಿಟ್ಟಿದ್ದಾರೆ ಮರೀ. ಊಟದ ಮುಂದೆ ಕೈಜೋಡಿಸಿ ನಾನೊಬ್ಬಳೇ ಕೂತಿರುತ್ತೇನೆ.

ಹೊತ್ತುಹೊತ್ತಿಗೆ ಉಣ್ಣು. ದೇವರು ನಿನ್ನ ಕೈಹಿಡಿದು ನಡೆಸಲಿ.

ನಿನ್ನ,
ಅಮ್ಮ

ವಿ.ಸೂ.: ಬೈಬಲಿನ ರಾಜರ ಕಥೆಗಳಿಗೆಲ್ಲ ತಲೆಬರಹ ಬರೆಯುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ಹೋದ ವರ್ಷ ನೀನು ಕುಣಿದಾಡುತ್ತ ಫೋನು ಮಾಡಿದ್ದೆ. ಅಪ್ಪನಿಗೆ ನಾನು ಹೇಳಿಲ್ಲ. ಆದರೆ ಇವತ್ತು ಬೆಳಿಗ್ಗೆ ಟೈಲರಮ್ಮ ದಾರಿಯಲ್ಲಿ ಅಡ್ಡ ನಿಂತು, "ಅದನ್ನ ಬರೆದೋರು ಯಾರು ಅಂತ ನಿಮಗೆ ಗೊತ್ತಾ?" ಎಂದು ಕೇಳಿದಳು. ಆ ಮುಖ ನೋಡಿಕೊಂಡು ಸುಳ್ಳು ಹೇಳಲಾಗಲಿಲ್ಲ. ನನ್ನ ಮಗಳು ಎಂದೆ. "ಬರಲಿ, ಅದನ್ನ ನನ್ನ ಮುಂದೆ ಓದಲಿ" ಎಂದಳು. ಫೋನು ಮಾಡಬೇಡ. ಅಪ್ಪನಿಗೆ ಬೇರೆಯವರಿಂದ ತಿಳಿಯುವ ಮೊದಲು ಬಾ.