ನಕ್ಷತ್ರದ ಕೊನೆಯ ಚೂರು

ಚಾಮರಾಜಪೇಟೆ, ಜೂನ್ ೨೦೦೨

ಧರ್ಮಣ್ಣ,

ನೀನು ತೀರಿಹೋಗಿ ಇವತ್ತಿಗೆ ಮೂರು ತಿಂಗಳು. ಊಟದ ಮೇಜಿನ ಮೇಲಿಟ್ಟು ತಿರುಗಿಸುವ ಆ ಬೀಟೆ ಮರದ ತಟ್ಟೆ ಮುಗಿಯಿತು. ನಡುವಿನ ನಕ್ಷತ್ರಕ್ಕೆ ಹಲಸಿನ ಮರದ ಹದಿನೈದು ಚೂರುಗಳನ್ನು ನಾನೇ ಕೂರಿಸಿದೆ. ಹದಿನಾರನೆಯದನ್ನು ಯಾವತ್ತೂ ಕೂರಿಸುತ್ತಿದ್ದವನು ನೀನು. ನನಗೆ ಕೈ ಬರಲಿಲ್ಲ. ಅದನ್ನು ಪಕ್ಕಕ್ಕಿಟ್ಟು, ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೋದೆ.

ಬಂದು ನೋಡಿದರೆ ಚೂರು ಕೂತಿದೆ, ನೀನು ಹಟ ಹಿಡಿಯುತ್ತಿದ್ದ ಹಾಗೆಯೇ, ಮರದ ಗೆರೆ ಅಡ್ಡಕ್ಕೆ. ಅಂಟು ಇನ್ನೂ ಹಸಿ. ತಟ್ಟೆ ನಿಧಾನಕ್ಕೆ ತಿರುಗುತ್ತಿತ್ತು.

“ನೀವೇ ಇಟ್ಟು ಮರ್ತಿರ್ತೀರ ಬಿಡಿ,” ಅಂದಳು ವಿನುತಾ.

ಹೆಂಡತಿಗೆ ಬೀಗದ ವಿಷಯ ಹೇಳಿದೆ. ಹಾಕಿದ ಬೀಗ ಹಾಕಿದಂತೆಯೇ ಇತ್ತು. ನಾವಿಬ್ಬರೂ ಜಗಳವಾಡಿದ ದಿನ ನಿನ್ನ ಕೈಯಿಂದ ಕಿತ್ತುಕೊಂಡ ಬೀಗದಕೈ ನನ್ನ ಜೇಬಿನಲ್ಲೇ ಇತ್ತು.

ನಾಳೆಯಿಂದ ಊಟಕ್ಕೆ ಹೋಗುವಾಗ ಬೀಗ ಹಾಕುವುದಿಲ್ಲ, ಅಣ್ಣಾ.

ಮುನೇಶ