ಎಲ್ಲ ಚಿತ್ರಗಳನ್ನೂ ತೆಗೆಯುವುದು

ಸೋಮವಾರ, ಮಾರ್ಚ್ 9

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಮೂರು ಕಾಗದಗಳೂ ತಲುಪಿವೆ. ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದಿತ್ತು, ಆದರೆ ನಿನ್ನ ಮುಂದೆ ನನ್ನ ನೆಪಗಳು ಯಾವತ್ತು ನಡೆದಿವೆ? ಬರೆಯಲು ಮುಖವಿರಲಿಲ್ಲ. ಮಂಡಿನೋವು ಹೇಗಿದೆ? ಭಾವ ಈಗಲೂ ರೇಡಿಯೊ ಜೊತೆ ಜಗಳ ಆಡುತ್ತಾರಾ?

ನಮ್ಮ ಕೆರೆದಂಡೆಯ ಉದ್ಯಾನಕ್ಕೆ ನೂರು ವರ್ಷ ತುಂಬಿತು. ಅದನ್ನು ಪಾರಂಪರಿಕ ಸ್ಥಳಗಳ ಪಟ್ಟಿಗೆ ಸೇರಿಸುತ್ತೇವೆಂದು ಮೇಲಿನವರು ಹೇಳಿದಾಗ, ಮೇಲ್ವಿಚಾರಕನಾದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಲ್ಲುಬೆಂಚು, ದೋಣಿಕಟ್ಟೆ, ಭಾನುವಾರ ಬ್ಯಾಂಡ್ ನುಡಿಸುವ ಮಂಟಪ, ಎಲ್ಲದರ ವಿವರ ಬರೆದೆ. ಬಾತುಕೋಳಿಗಳನ್ನೂ ಎಣಿಸಲು ಹೋದೆ, ಅವು ಒಂದು ಕಡೆ ನಿಂತರೆ ತಾನೆ! ಮಂಟಪದ ಒಳಗೋಡೆಗೆ ನೀನು ಬರೆದ ಚಿತ್ರಗಳ ಬಗ್ಗೆಯೇ ಎರಡು ಪುಟ ಆಯಿತು.

ಅಕ್ಕ, ಆ ಚಿತ್ರಗಳು ಈಗ ಇಲ್ಲ.

ಆ ವಿವರದ ಜೊತೆ ಫೋಟೊಗಳನ್ನೂ ಕಳಿಸಬೇಕಿತ್ತು. ಫೋಟೊದವನಿಗೆಂದು ಮಂಟಪದ ಕಂಬಕ್ಕೆ ಒಂದು ಚೀಟಿ ಅಂಟಿಸಿದ್ದೆ. ‘ಫೋಟೊ’ ಎಂದು ಬರೆದರೆ ಕಚೇರಿಯ ಘನತೆಗೆ ಕಮ್ಮಿ ಎಂಬ ಒಣಜಂಬ ನನಗೆ. “ಒಳಗಿನ ಎಲ್ಲ ಚಿತ್ರಗಳನ್ನೂ ತೆಗೆಯುವುದು” ಎಂದು ದಪ್ಪಕ್ಷರದಲ್ಲಿ ಬರೆದೆ. ಫೋಟೊದವನಿಗಿಂತ ಮೊದಲು, ಮಂಟಪದ ಹೊರಗೋಡೆಗೆ ಬಳಿಯಲು ಕರೆಸಿದ್ದ ಸುಣ್ಣಬಣ್ಣದ ಕೆಲಸಗಾರ ಬಂದ. ಚೀಟಿ ಓದಿದ, ಕೆರೆದು ತೆಗೆದ. ಮಧ್ಯಾಹ್ನ ನಾನು ಹೋದಾಗ ಬರೀ ಗಾರೆ ಉಳಿದಿತ್ತು. “ಹೇಳಿದ ಹಾಗೇ ಮಾಡಿದ್ದೀನಿ ಸಾರ್, ಒಂದೂ ಬಿಟ್ಟಿಲ್ಲ ನೋಡಿ” ಎಂದು ಹೆಮ್ಮೆಯಿಂದ ತೋರಿಸಿದ.

ದೋಣಿ ಹೋಯಿತು, ಕೊಕ್ಕರೆ ಹೋಯಿತು. ಬಾತುಕೋಳಿಗೆ ಕಾಳು ಹಾಕುತ್ತಿದ್ದ ನಮ್ಮ ಪುಟ್ಟಿಯೂ ಹೋದಳು. ಆರು ವರ್ಷದ ಮಗಳನ್ನು ಕಳೆದುಕೊಂಡ ವರ್ಷ ನೀನು ಅವಳನ್ನು ನೆನಪಿನಿಂದಲೇ ಆ ಗೋಡೆಗೆ ತಂದಿದ್ದೆ. ನಿಮ್ಮ ಮನೆಯಲ್ಲಿ ಅವಳ ಒಂದು ಫೋಟೊ ಕೂಡ ಇಲ್ಲವೆಂದು ನನಗೆ ಗೊತ್ತಿತ್ತು. ದಿನಾ ಕಣ್ಣೆದುರಿಗೇ ಇರುವ ಗೋಡೆ, ಇವತ್ತಲ್ಲ ನಾಳೆ ಫೋಟೊ ತೆಗೆಸಿದರಾಯಿತು ಎಂದು ಇಷ್ಟು ವರ್ಷ ಕಳೆದೆ. ನೀನು ಪ್ರತಿ ಕಾಗದದಲ್ಲೂ “ನನ್ನ ಪರವಾಗಿ ಪುಟ್ಟಿನ ಒಂದ್ಸಲ ನೋಡ್ಕೊಂಡು ಬಾ” ಎಂದು ಬರೆಯುತ್ತೀಯ. ಏನೆಂದು ಉತ್ತರ ಕೊಡಲಿ?

ವಿಚಾರಣೆಯೂ ಆಯಿತು. ಯಾರನ್ನೂ ಕೇಳದೆ ಕೆರೆದನೆಂದು ಕೆಲಸಗಾರನನ್ನು ತೆಗೆದುಹಾಕಿದರು. ನಾನು ಇದೇ ಕುರ್ಚಿಯಲ್ಲಿ ಕುಳಿತಿದ್ದೇನೆ.

ನಿನ್ನ ಆಶೀರ್ವಾದ ಬೇಡುವ ಯೋಗ್ಯತೆ ನನಗಿಲ್ಲ. ನೀನೂ ಭಾವನೂ ಚೆನ್ನಾಗಿರಿ, ಅಷ್ಟು ಸಾಕು.

ನಿನ್ನ ತಮ್ಮ

ತಾ.ಕ.: ಕೆಲಸಗಾರ ನನ್ನನ್ನು ಕೇಳಲಿಲ್ಲವೆಂದು ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು. ಅವನು ಕೇಳಿದ್ದ. ಆ ಬೆಳಿಗ್ಗೆ ಕಚೇರಿ ಬಾಗಿಲಲ್ಲಿ ನಿಂತು, “ಸಾರ್, ಒಂದು ಮಗು ಚಿತ್ರ ಇದೆ, ತುಂಬಾ ಮುದ್ದಾಗಿದೆ. ಅದನ್ನೂ ತೆಗೀಬೇಕಾ?” ಎಂದ. ಫೋಟೊದವನೇ ಬಂದನೆಂದುಕೊಂಡೆ. ಪುಟ್ಟಿಯ ಫೋಟೊ ನಿನಗೆ ಬೇಗ ಕಳಿಸಬೇಕೆಂಬ ಆಸೆ. ತಲೆ ಕೂಡ ಎತ್ತದೆ, “ಅದನ್ನೇ ಮೊದಲು ತೆಗಿ” ಎಂದೆ.